ಕೊಸರು

ಬೈತಖೋಲದಲ್ಲಿ ಬೋಟುಗಳೆಲ್ಲ ದಡಕ್ಕೆ ಬಂದಿವೆ.
ಜೂನ್ ಎರಡನೇ ವಾರ, ಸಮುದ್ರಕ್ಕೆ ರಜೆ.
ಐದು ಬೋಟುಗಳ ಐಸು, ಡೀಸೆಲ್ಲು, ಪಾಲಿನ ಲೆಕ್ಕ
ಬರೆಯುವವಳು ನಾನು,
ಅಡುಗೆಮನೆ ಪಕ್ಕದ ಈ ಹಳೇ ಕಂಪ್ಯೂಟರಿನಲ್ಲಿ.
ಉಪ್ಪುಗಾಳಿಗೆ ಅದರ ಬೆನ್ನಿನ ತಿರುಪೆಲ್ಲ ತುಕ್ಕು.

ಇವತ್ತು ಬೇಕಾದದ್ದು ಒಂದೇ.
ಸೊಸೈಟಿಯವರು ಕಳಿಸಿದ ಫೈಲು ತೆರೆಯಲು
ಒಂದು ಸಣ್ಣ ಪ್ರೋಗ್ರಾಮು, ಪುಕ್ಕಟೆಯದು.
'ಮುಂದೆ' ಒತ್ತಿದೆ. ಮತ್ತೆ 'ಮುಂದೆ'.
ಮೂರನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದ ಎದುರು
ಮೂರು ಚೌಕ.
ಮೂರರಲ್ಲೂ ನಾನು ಹಾಕದ ಟಿಕ್ಕು.

ಒಣ ಸಿಗಡಿಯ ತಲೆ ಚಿವುಟುತ್ತಿದ್ದ ಅತ್ತೆ
ಮೊರದಿಂದ ಕಣ್ಣೆತ್ತದೆ ಕೇಳಿದಳು,
'ಎಂತದಂತೆ ಅದಕ್ಕೆ?'
'ಒಂದು ಕೇಳಿದ್ರೆ ನಾಲ್ಕು ಕೊಡ್ತದಂತೆ.'

ನಲವತ್ತು ವರ್ಷ ಕಾರವಾರ ಪೇಟೆಯಲ್ಲಿ
ಬುಟ್ಟಿ ಮುಂದೆ ಕೂತವಳು ಅವಳು.
'ಕೊಸರು ಅಂದ್ರೆ ಗಿರಾಕಿ ಜಗಳಾಡಿ ತಕೊಳ್ಳೂದು.
ಕೇಳದೇ ಹಾಕಿದ್ರೆ
ಕಿವಿರು ಎತ್ತಿ ನೋಡು.'

ಎತ್ತಿ ನೋಡಿದೆ. ಕೆಂಪಿರಲಿಲ್ಲ.
ಮೂರೂ ಟಿಕ್ಕು ಅಳಿಸಿದೆ.

ಆಮೇಲೆ ಸುಮ್ಮನಿರಲಾಗದೆ
ಒಳಗೆ ಏನೇನಿದೆ ಎಂಬ ಪಟ್ಟಿ ತೆರೆದರೆ
ದಕ್ಕೆ ಮೇಲೆ ಬಲೆ ಕೊಡವಿದ ಹಾಗೆ:
ಅಳಿಯ ಚಿನ್ಮಯ ಬೇಸಿಗೆಯಲ್ಲಿ ಬಿಟ್ಟುಹೋದ ಕಾರಿನ ಆಟ,
ಹವಾಮಾನ ಹೇಳುತ್ತೇನೆಂದು ಜಾಹೀರಾತು ಹೇಳುವ ಒಂದು,
ಎಲ್ಲಿಂದ ಬಂತೋ ಗೊತ್ತಿಲ್ಲದ ಎರಡು,
ಮೀನಲ್ಲದ್ದೇ ಹೆಚ್ಚು.
ಒಂದೊಂದೇ ಹೆಕ್ಕಿ ಎಸೆದೆ.
ಪ್ರತಿಸಲವೂ ಅದು 'ಖಚಿತವೇ?' ಎಂದಿತು.
ತರುವಾಗ ಯಾರೂ ಹಾಗೆ ಕೇಳಿರಲಿಲ್ಲ.

ಪಟ್ಟಿಯ ಕೊನೆಗೆ ಪುರಸು ಹಾಕಿಕೊಟ್ಟ
ಭರತ ಇಳಿತದ ಪ್ರೋಗ್ರಾಮು.
ಮೂಲೆಯಲ್ಲಿ ಬೆಳೆಯುವ ಒಂದು ಚಂದ್ರ.
ಮಾಡಿದ ಕಂಪನಿ ಮುಚ್ಚಿ ಏಳು ವರ್ಷ;
ಅದಕ್ಕೆ ತೇಪೆ ಹಾಕುವ ಕೈ ಈಗಿಲ್ಲ.
ಮೌಸಿನ ಮೇಲೆ ಬೆರಳು ತುಂಬ ಹೊತ್ತು ನಿಂತಿತು.
ಈ ತಿಂಗಳ ಅಂಕಿಗಳನ್ನು
ಹಾಲಿನ ಲೆಕ್ಕದ ಪುಸ್ತಕಕ್ಕೆ ಇಳಿಸಿಕೊಂಡು
ಚಂದ್ರನನ್ನೂ ತೆಗೆದೆ.
'ಈಗ ನೀರು ಏರ್ತಾ ಉಂಟು,' ಅಂದಳು ಅತ್ತೆ,
ಕಿಟಕಿ ಕಡೆಗೂ ನೋಡದೆ.

ಬೇಡ ಎನ್ನುವುದೇ ಜಾಣತನವೆಂದು
ಬೀಗಿ ಎದ್ದೆ.
ಆಗ ಬಲಗಡೆ ಮೂಲೆಯಿಂದ ಅದೇ ಹಳೆಯ ಚೀಟಿ,
ದೀಪಾವಳಿಯಿಂದ ದಿನಾ ಬರುವುದು, ದಿನಾ ನಾನು
'ಆಮೇಲೆ ನೆನಪಿಸು' ಎಂದು ಅಟ್ಟುವುದು:
ಸುರಕ್ಷೆಯ ಅಪ್‌ಡೇಟು.
ಇದನ್ನೂ ಕೊಸರೆಂದೇ ತಿಳಿದಿದ್ದೆ.

ಕಿಟಕಿಯಾಚೆ ಇವರು ದೋಣಿ ಮಗುಚಿ
ಹಲಗೆಗೆ ಉಗುರು ಹಚ್ಚಿ ನೋಡುತ್ತಿದ್ದರು.
ಮರ ಕೊರೆವ ಹುಳದ ತೂತು
ಹೊರಗಿಂದ ಸೂಜಿಮೊನೆ,
ಒಳಗೆ ಹೆಬ್ಬೆರಳು ಹೋಗುವಷ್ಟು ದಾರಿ.
ಇವರು ಹುಳಕ್ಕೆ ಆಮೇಲೆ ಬಾ ಎನ್ನುವುದಿಲ್ಲ.
ಎಣ್ಣೆ ಕಾಯಿಸುತ್ತಾರೆ, ಹತ್ತಿ ತುರುಕುತ್ತಾರೆ,
ಬೈಯುತ್ತಾರೆ, ಮತ್ತೆ ತುರುಕುತ್ತಾರೆ.

ಲೆಕ್ಕವನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ
ಅಕ್ಕಿಡಬ್ಬಿಯಲ್ಲಿಟ್ಟು ಬಂದು
'ಈಗಲೇ' ಒತ್ತಿದೆ.

ಶೇಕಡಾ ಹನ್ನೊಂದು. ಹನ್ನೊಂದು. ಹನ್ನೊಂದು.
ಮೂವತ್ತನಾಲ್ಕಕ್ಕೆ ಕರೆಂಟು ಕಣ್ಣು ಮಿಟುಕಿಸಿತು,
ಯುಪಿಎಸ್ಸು ಕೀರಲು ಕೂಗಿತು,
ನಾವಿಬ್ಬರೂ ಉಸಿರು ಹಿಡಿದೆವು.
ಆರಿಸಬೇಡಿ ಎಂದಿತ್ತು ತೆರೆ.
ಆರಿಸಲಿಲ್ಲ. ಸಿಗಡಿ ಚಿವುಟಿದೆವು,
ಅರ್ಧ ಮೊರ.

ಕೊನೆಗೆ ಕತ್ತಲಾಗಿ, ಮತ್ತೆ ಬೆಳಗಿ
ಪಾಸ್‌ವರ್ಡು ಕೇಳಿತು.
ನಾನೇನೂ ಹೇಳಲಿಲ್ಲ.
ಮಾರ್ಕೆಟ್ಟಿನಲ್ಲಿ ಒಬ್ಬಳು ಸೊಂಟದ ಚೀಲ ಬಿಚ್ಚುವಾಗ
ಪಕ್ಕದವಳು ಹೇಗೆ ರಸ್ತೆ ನೋಡುತ್ತಾಳೋ
ಹಾಗೆ,
ಅಕ್ಷರ ಬಾರದ ನನ್ನತ್ತೆ
ಮುಖ ಆ ಕಡೆ ತಿರುಗಿಸಿಕೊಂಡಳು.